ಮನೆಯಲ್ಲೇ ಫ್ಯೂಷನ್ ಹೇರ್ ಎಕ್ಸ್‌ಟೆನ್ಷನ್: ಮೇ ತಿಂಗಳ ಮದುವೆಗೆ ಮೂವರು ಗೆಳತಿಯರ ಕೈಯಲ್ಲಿ ಆಗೋ ಕೆಲಸವಾ?

ಅಮ್ಮತ್ತಿ ಹುಡುಗಿ

ಮೇ ಮೊದಲ ವಾರ ಗೆಳತಿಯ ಮದುವೆ, ವಿರಾಜಪೇಟೆಯಲ್ಲಿ. ಕೊಡವ ಪದ್ಧತಿಯ ಮದುವೆ, ತಲೆಗೆ ಕಟ್ಟೋ ಕೆಂಪು ವಸ್ತ್ರ, ನೀರಿನ ಬಿಂದಿಗೆ ಹೊರೋ ಗಂಗಾಪೂಜೆ ಎಲ್ಲಾ ಇದೆ. ಹುಡುಗಿಯ ಕೂದಲು ಭುಜದಿಂದ ನಾಲ್ಕು ಬೆರಳು ಕೆಳಗೆ ಬರುತ್ತೆ. ತೀರಾ ತೆಳು ಅಲ್ಲ, ದಟ್ಟ ಅಂತಲೂ ಹೇಳೋ ಹಾಗಿಲ್ಲ, ಸ್ವಲ್ಪ ಅಲೆಅಲೆ. ಆಗಾಗ ಮದರಂಗಿ ಹಚ್ತಾಳೆ. ವಾರಕ್ಕೊಮ್ಮೆ ತೆಂಗಿನೆಣ್ಣೆ ತಪ್ಪಲ್ಲ.

ಮೈಸೂರಿಗೆ ಹೋಗಿ ದಿನವಿಡೀ ಕೂರೋ ಬದಲು ಫ್ಯೂಷನ್ ಎಕ್ಸ್‌ಟೆನ್ಷನ್ (ಬಿಸಿಗೆ ಕರಗೋ ಅಂಟಿನಿಂದ ಸ್ವಂತ ಕೂದಲಿಗೆ ಬೇರೆ ಕೂದಲು ಅಂಟಿಸೋದು) ಮನೆಯಲ್ಲೇ ಹಾಕೋಣ ಅಂತ ಮೂವರು ಗೆಳತಿಯರು ಮಾತಾಡಿಕೊಂಡಿದ್ದೀವಿ. ತುದಿಗೆ ಕೆರಾಟಿನ್ ಅಂಟು ಇರೋ ಯು-ಟಿಪ್ ಎಳೆಗಳು (ಒಂದೊಂದೂ ಕೂದಲಿನ ಸಣ್ಣ ಗೊಂಚಲು), 18 ಇಂಚು, ಒಂದೊಂದು 0.8 ಗ್ರಾಂ, 100 ಎಳೆ ಸಿಕ್ಕಿದೆ. ಅಂಟು ಕರಗಿಸಿ ಒತ್ತೋ ಬಿಸಿ ಇಕ್ಕಳ, ಅಂದ್ರೆ ಕನೆಕ್ಟರ್, ಇನ್ನೂ ತಗೊಂಡಿಲ್ಲ, ಮನೆಯಲ್ಲಿ ಹೇರ್ ಸ್ಟ್ರೇಟ್ನರ್ ಇದೆ.

ನನ್ನ ಪ್ರಶ್ನೆ ಇಷ್ಟು: 100 ಎಳೆ ಸಾಕಾ? ಸ್ಟ್ರೇಟ್ನರ್‌ನಲ್ಲೇ ಅಂಟಿಸಬಹುದಾ? ಎಲ್ಲಿಂದ ಶುರು ಮಾಡ್ಬೇಕು, ಎಲ್ಲಿ ನಿಲ್ಲಿಸ್ಬೇಕು? ಎಷ್ಟು ಹೊತ್ತು ಹಿಡಿಯುತ್ತೆ? ಒಮ್ಮೆ ಹಾಕಿದ್ರೆ ಎಷ್ಟು ತಿಂಗಳು ಬಿಡಬಹುದು?

ಬೈತಲೆ

ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಎಲ್ಲರೂ ಹಾಕೋ ದಿನ ಗೊತ್ತು ಮಾಡಿಕೊಳ್ತಾರೆ, ತೆಗೆಯೋ ದಿನ ಗೊತ್ತು ಮಾಡಲ್ಲ. ಬಾಂಡ್, ಅಂದ್ರೆ ಎಳೆ ಸ್ವಂತ ಕೂದಲಿಗೆ ಅಂಟಿಕೊಂಡ ಜಾಗ, ಹೆಚ್ಚೆಂದರೆ 3 ತಿಂಗಳು. ಮೇ ಮೊದಲ ವಾರ ಹಾಕಿದ್ರೆ ಆಗಸ್ಟ್ ಮೊದಲ ವಾರ, ಅಂದ್ರೆ ಕೊಡಗಿನ ಕಕ್ಕಡ ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸ ಉಣ್ಣೋ ಹೊತ್ತಿಗೆ ತಲೆ ಖಾಲಿ ಆಗಿರಬೇಕು. ಆದರೆ ಆ 3 ತಿಂಗಳಲ್ಲಿ ಎರಡು ನಮ್ಮ ಮಳೆಗಾಲ. ಒಗೆದ ಬಟ್ಟೆ ವಾರ ಕಳೆದರೂ ಒಣಗದ ಊರಲ್ಲಿ ನೂರಕ್ಕೂ ಹೆಚ್ಚು ಬಾಂಡ್‌ಗಳ ಬುಡ ಒಣಗೋದು ಎಲ್ಲಿಂದ? ಒದ್ದೆ ಬುಡದಲ್ಲಿ ಉದುರಿದ ಕೂದಲು ಸೇರಿ ಜಡೆಗಟ್ಟುತ್ತೆ, ವಾಸನೆ ಹಿಡಿಯುತ್ತೆ. ನನ್ನ ಲೆಕ್ಕದಲ್ಲಿ ಜೂನ್ ಕೊನೆಗೆ ತೆಗೆದುಬಿಡಿ. ತೆಗೆಯೋ ಸಾಮಾನನ್ನೂ ಈಗಲೇ ತರಿಸಿ: ಕೆರಾಟಿನ್ ಬಾಂಡ್ ರಿಮೂವರ್ ಮತ್ತು ಹಲ್ಲಿರೋ ಚಿಕ್ಕ ಇಕ್ಕಳ.

ಸ್ಟ್ರೇಟ್ನರ್ ಬೇಡವೇ ಬೇಡ. ಅದರ ತಟ್ಟೆ ಅಗಲ. ಒಂದು ಬಾಂಡ್ ಕರಗಿಸೋಕೆ ಹೋದ್ರೆ ಪಕ್ಕದ ಬಾಂಡ್ ಮೆತ್ತಗಾಗುತ್ತೆ, ಬುಡದ ಸ್ವಂತ ಕೂದಲು ಸುಡುತ್ತೆ, ತಲೆ ಚರ್ಮಕ್ಕೂ ತಾಗುತ್ತೆ. ಕನೆಕ್ಟರ್‌ನ ಮೂತಿ ಬೆರಳ ತುದಿಯಷ್ಟೇ ಇರೋದು. ಉಷ್ಣಾಂಶ ಹೊಂದಿಸೋ ಗುಂಡಿ ಇರೋದನ್ನೇ ತಗೊಳ್ಳಿ. ಕರಕುಶಲ ಕೆಲಸದ ಗ್ಲೂ ಗನ್ ಇದ್ಯಲ್ಲ, ಅದನ್ನಂತೂ ಕೂದಲ ಹತ್ತಿರ ತರಬೇಡಿ. ಆ ಅಂಟು ಕೂದಲಿಗೆ ಅಂತ ಮಾಡಿದ್ದಲ್ಲ.

100 ಎಳೆ ಅಂದ್ರೆ 80 ಗ್ರಾಂ. ಬರೀ ದಟ್ಟ ಕಾಣೋಕೆ ಸಾಕು. ಉದ್ದವೂ ಬೇಕಾದ್ರೆ ಸ್ವಂತ ಕೂದಲು ಮುಗಿಯೋ ಜಾಗದಲ್ಲಿ ಕಡಿದ ಗೆರೆ ಕಾಣುತ್ತೆ. ಇನ್ನೊಂದು 25 ಎಳೆ ಸೇರಿಸಿ, 100 ಗ್ರಾಂ ಆಗುತ್ತೆ. ಬಣ್ಣ ಹೊಂದಿಸುವಾಗ ಬುಡ ನೋಡಬೇಡಿ, ತುದಿ ನೋಡಿ, ಅದೂ ಬಾಗಿಲ ಹೊರಗೆ ಹಗಲು ಬೆಳಕಲ್ಲಿ. ನಮ್ಮ ಕಡೆ ಕೂದಲಿಗೆ ಸಾಮಾನ್ಯವಾಗಿ 1ಬಿ ನಂಬರಿನ ಬಣ್ಣ (ಅಚ್ಚ ಕಪ್ಪಿಗಿಂತ ಸ್ವಲ್ಪ ತಿಳಿ) ಸರಿ ಹೋಗುತ್ತೆ. ಬರೀ 1 ನಂಬರಿನ ಕಪ್ಪು ಬಿಸಿಲಲ್ಲಿ ನೀಲಿ ಹೊಡೆಯುತ್ತೆ, ಮದರಂಗಿ ಹಚ್ಚಿದ ತಲೆಯಲ್ಲಿ ಎದ್ದು ಕಾಣುತ್ತೆ.

ಮೊದಲು ಒಂದು ಪರೀಕ್ಷೆ: ಹಾಕೋ 2 ದಿನ ಮುಂಚೆ ಕಿವಿಯ ಹಿಂದೆ ಎರಡೇ ಎಳೆ ಅಂಟಿಸಿ ಬಿಡಿ. ತುರಿಕೆ, ಕೆಂಪು, ಊತ ಕಂಡರೆ ಅಲ್ಲಿಗೇ ನಿಲ್ಲಿಸಿ.

ತಲೆ ತೊಳೆಯೋದು ಅರ್ಧ ಕೆಲಸ. ಬಾಂಡ್ ಜಾರೋಕೆ ಹತ್ತರಲ್ಲಿ ಎಂಟು ಸಲ ಕಾರಣ ಎಣ್ಣೆ ಅಥವಾ ಕಂಡೀಷನರ್. ಹಾಕೋ ವಾರ ಎಣ್ಣೆ ಹಚ್ಚಲೇಬಾರದು. ಹಿಂದಿನ ದಿನ ಜಿಡ್ಡು ಪೂರ್ತಿ ತೆಗೆಯೋ ಕ್ಲಾರಿಫೈಯಿಂಗ್ ಶಾಂಪೂ ಎರಡು ಸಲ, ಕಂಡೀಷನರ್ ಇಲ್ಲ, ಸೀರಂ ಇಲ್ಲ. ಕೂದಲನ್ನು ಬೆರಳಲ್ಲಿ ತಿಕ್ಕಿದ್ರೆ ಕಿರ್ ಅನ್ನಬೇಕು. ಪೂರ್ತಿ ಒಣಗಿಸಿ. ಸ್ಮೂತನಿಂಗ್ ಇತ್ತೀಚೆಗೆ ಮಾಡಿಸಿದ್ರೆ ಕನಿಷ್ಠ 2 ವಾರ ಕಾಯಿರಿ.

ಕತ್ತಿನ ಹಿಂದೆ, ಕೂದಲು ಶುರುವಾಗೋ ಗೆರೆಯಿಂದ 2 ಸೆಂ.ಮೀ. ಬಿಟ್ಟು ಮೊದಲ ಸಾಲು. ಅಲ್ಲಿಂದ ಮೇಲಕ್ಕೆ 1ರಿಂದ 1.5 ಸೆಂ.ಮೀ.ಗೆ ಒಂದೊಂದು ಸಾಲು. ಹಿಂದೆ 5 ಸಾಲು: 12, 15, 16, 17, 17. ಇಲ್ಲಿಗೆ 77 ಆಯ್ತು. ಎರಡೂ ಪಕ್ಕ 20-20. ಉಳಿದ 8 ಎಳೆ ಕೊನೆಗೆ ಖಾಲಿ ಕಂಡ ಕಡೆ ತುಂಬೋಕೆ. ಸಾಲುಗಳನ್ನು ಇಟ್ಟಿಗೆ ಕಟ್ಟಿದ ಹಾಗೆ ಕೂರಿಸಿ: ಕೆಳಗಿನ ಎರಡು ಬಾಂಡ್‌ಗಳ ನಡುವಿನ ಸಂದಿಯ ಮೇಲೆ ಮೇಲಿನ ಬಾಂಡ್ ಬರಬೇಕು. ಒಂದರ ಮೇಲೊಂದು ಬಂದ್ರೆ ಕೂದಲು ಬಾಚಿದಾಗ ಗೆರೆಗೆರೆ ಬಿಡುತ್ತೆ. ಮುಂದಿನ ಅಂಚಿನಿಂದ ಮತ್ತು ಕಿವಿಯ ಮುಂದಿನಿಂದ ಒಂದೂವರೆ ಇಂಚು ಬಿಡಿ. ಬೈತಲೆಯ ಎರಡೂ ಕಡೆ 4ರಿಂದ 5 ಸೆಂ.ಮೀ. ಮುಟ್ಟಬೇಡಿ, ಮೇಲಿನ ಕೂದಲೇ ಬಾಂಡ್‌ಗಳನ್ನು ಮುಚ್ಚೋದು.

ಈಗ ಒಂದು ಬಾಂಡ್ ಹೇಗೆ ಅಂತ. ಹಿಡಿ ಮೊನಚಾಗಿರೋ ಟೇಲ್ ಬಾಚಣಿಗೆಯ ಮೊನೆಯಿಂದ ಎಳೆಯಷ್ಟೇ ದಪ್ಪದ ಕೂದಲು ಬೇರ್ಪಡಿಸಿ. ಅದಕ್ಕಿಂತ ತೆಳು ತಗೊಂಡ್ರೆ 0.8 ಗ್ರಾಂ ಭಾರವನ್ನು ನಾಲ್ಕೈದು ಕೂದಲು ಹೊರಬೇಕಾಗುತ್ತೆ, ಬುಡ ಕಿತ್ತು ಬರುತ್ತೆ. ದಪ್ಪ ತಗೊಂಡ್ರೆ ಅಂಟು ಒಳಗಿನವರೆಗೆ ಇಳಿಯಲ್ಲ, ಜಾರುತ್ತೆ. ಆ ಕೂದಲನ್ನು ಸೀಳು ಬಿಟ್ಟ ಪ್ಲಾಸ್ಟಿಕ್ ಬಿಲ್ಲೆಯೊಳಗಿಂದ ಹೊರಗೆ ಎಳೆದು ಕ್ಲಿಪ್ ಹಾಕಿ. ಇದು ಬಿಸಿಯಿಂದ ಚರ್ಮ ಕಾಯುತ್ತೆ, ಪಕ್ಕದ ಕೂದಲು ಒಳಗೆ ಸಿಕ್ಕಿಕೊಳ್ಳದ ಹಾಗೂ ನೋಡಿಕೊಳ್ಳುತ್ತೆ. ಚರ್ಮದಿಂದ 1 ಸೆಂ.ಮೀ. ದೂರದಲ್ಲಿ ಯು ಆಕಾರದ ಅಂಟಿನ ತೋಡಿನೊಳಗೆ ಕೂದಲು ಕೂರಿಸಿ, ಕನೆಕ್ಟರ್‌ನಿಂದ 3-4 ಸೆಕೆಂಡ್ ಒತ್ತಿ, ತಿರುಗಿಸಿ ಇನ್ನೊಂದು ಕಡೆ 2 ಸೆಕೆಂಡ್. ಕನೆಕ್ಟರ್ ತೆಗೆದ ಕೂಡಲೇ ಹೆಬ್ಬೆರಳು-ತೋರುಬೆರಳ ನಡುವೆ ಹೊಸೆಯಿರಿ. ಸಿಲಿಕಾನ್ ಬೆರಳು-ಟೋಪಿ ಹಾಕಿಕೊಳ್ಳಿ, ಇಲ್ಲಾಂದ್ರೆ ಹತ್ತನೇ ಬಾಂಡ್‌ಗೆ ಬೊಬ್ಬೆ ಬರುತ್ತೆ. ಆರಿದ ಮೇಲೆ ಬಾಂಡ್ ಅಕ್ಕಿ ಕಾಳಿನ ಹಾಗೆ ಉದ್ದಕ್ಕೆ, ಸಪೂರ ಇರಬೇಕು. ಕಾಳುಮೆಣಸಿನ ಹಾಗೆ ಉಂಡೆ ಆಗಿದ್ರೆ ಮಲಗಿದಾಗ ಚುಚ್ಚುತ್ತೆ.

ಕನೆಕ್ಟರ್ 180 ಡಿಗ್ರಿಗೆ ಇಟ್ಟು 10 ನಿಮಿಷ ಕಾಯಿಸಿ, ಒಂದು ಹೆಚ್ಚುವರಿ ಎಳೆಯ ಮೇಲೆ ನೋಡಿ. ಅಂಟು ಮಬ್ಬಾಗಿಯೇ ಉಳಿದು ಮುರಿದರೆ ಬಿಸಿ ಸಾಲದು, 10 ಡಿಗ್ರಿ ಏರಿಸಿ. ಗುಳ್ಳೆ ಎದ್ದು ಕಂದು ತಿರುಗಿದ್ರೆ ಸುಟ್ಟಿದೆ, ಇಳಿಸಿ. ಜೇನಿನ ಹಾಗೆ ಹೊಳೆದು ಮೆತ್ತಗಾದರೆ ಸರಿ. 200 ದಾಟೋ ಅಗತ್ಯ ಸಾಮಾನ್ಯವಾಗಿ ಬರಲ್ಲ.

ಚೌರಿ ಸಾಕು

ಬೈತಲೆಯವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದ್ರೆ ಈ ಮದುವೆಗೆ ಇದು ಬೇಕಾ? ಮುಹೂರ್ತದ ಹೊತ್ತಿಗೆ ತುರುಬು ಕಟ್ಟಿ, ಹೂ ಮುಡಿದು, ಮೇಲೆ ಕೆಂಪು ವಸ್ತ್ರ. ಕೂದಲು 18 ಇಂಚಿದೆಯೋ 14 ಇಂಚಿದೆಯೋ ಯಾರಿಗೂ ಕಾಣಲ್ಲ. ತುರುಬು ದಪ್ಪ ಕಾಣೋಕೆ ಒಂದು ಒಳ್ಳೆ ಚೌರಿ ಸಾಕು, ಐದು ನಿಮಿಷದಲ್ಲಿ ಹಾಕಿ ಎರಡು ನಿಮಿಷದಲ್ಲಿ ತೆಗೆಯಬಹುದು. ಆರತಕ್ಷತೆಗೆ ಕೂದಲು ಬಿಡೋದಿದ್ರೆ ಕ್ಲಿಪ್‌ನಿಂದ ಸಿಕ್ಕಿಸೋ ಕ್ಲಿಪ್-ಇನ್ ಕೂದಲು ಇದೆ. ಒಂದು ದಿನದ ಅಂದಕ್ಕೆ ಮೂರು ತಿಂಗಳ ಎಣ್ಣೆ ಬಿಡೋದು ಯಾವ ಲೆಕ್ಕ?

ಆದ್ರೂ ಫ್ಯೂಷನ್ನೇ ಮಾಡ್ತೀವಿ ಅಂದ್ರೆ ಎರಡು ಜಾಗ ನೆನಪಿರಲಿ. ವಸ್ತ್ರದ ಗಂಟು ಬೀಳೋದು ತಲೆಯ ಹಿಂಭಾಗದಲ್ಲಿ, ನೇರ ಬಾಂಡ್‌ಗಳ ಮೇಲೆ. ಅಲ್ಲಿ ಮೆಣಸಿನ ಕಾಳಿನಂಥ ಬಾಂಡ್ ಇದ್ರೆ ಸಂಜೆಗೆ ತಲೆನೋವು ಖಾತ್ರಿ. ಇನ್ನೊಂದು ಗಂಗಾಪೂಜೆ. ನೀರಿನ ಬಿಂದಿಗೆ ತಲೆ ಮೇಲೆ ಹೊತ್ತು ಬರುವಾಗ ಗಂಡಿನ ಕಡೆಯವರು ಎದುರಿಗೆ ಕುಣಿದು ದಾರಿ ಬಿಡಲ್ಲ, ಗಂಟೆಗಟ್ಟಲೆ ನಿಲ್ಲಬೇಕು. ಬಿಂದಿಗೆ ಕೂರೋ ನೆತ್ತಿಯಲ್ಲಿ ಒಂದೇ ಒಂದು ಬಾಂಡ್ ಇರಬಾರದು.

ಅಮ್ಮತ್ತಿ ಹುಡುಗಿ

ಬಿಂದಿಗೆ ವಿಷಯ ನಮಗೆ ಹೊಳೆದೇ ಇರಲಿಲ್ಲ. ಚೌರಿ ಮಾತು ಅವಳಿಗೆ ಹೇಳಿದೆ. ಮದುವೆ ಆದ್ಮೇಲೂ ಎರಡು ತಿಂಗಳು ಉದ್ದ ಕೂದಲು ಇರಬೇಕಂತೆ, ಒಪ್ಪಲಿಲ್ಲ. 25 ಎಳೆ ಇನ್ನೂ ತರಿಸ್ತೀವಿ, ಕನೆಕ್ಟರೂ ತಗೊಳ್ತೀವಿ. ಮೂವರು ಕೆಲಸ ಹೇಗೆ ಹಂಚಿಕೊಳ್ಳಬೇಕು? ಒಂದೇ ದಿನ ಮುಗಿಯುತ್ತಾ? ಏಪ್ರಿಲ್ ಕೊನೆಗೆ ಗುಡುಗು ಮಳೆ ಬಂದು ಕರೆಂಟ್ ಹೋದ್ರೆ ಏನು ಮಾಡೋದು? ತಂದ ಕೂದಲು ಒಳ್ಳೇದಾ ಅಂತ ಗೊತ್ತಾಗೋದು ಹೇಗೆ?

ಕುಶಾಲನಗರ ಪಾರ್ಲರ್

ಕೂದಲಿನ ವಿಷಯ ಮೊದಲು. ತಿರುಮಲದಲ್ಲಿ ಮುಡಿ ಕೊಡೋ ಕೂದಲಿನ ಹಾಗೆ ಒಂದೇ ತಲೆಯಿಂದ ಒಂದೇ ಸಲ ತೆಗೆದಿದ್ದರಲ್ಲಿ ಬುಡ-ತುದಿ ಒಂದೇ ದಿಕ್ಕಿಗೆ ಇರುತ್ತೆ, ಅದಕ್ಕೇ ರೆಮಿ ಅನ್ನೋದು. ಬಾಚಣಿಗೆಯಲ್ಲಿ ಉದುರಿದ್ದನ್ನು ಕೂಡಿಟ್ಟು, ಮನೆ ಬಾಗಿಲಿಗೆ ಬಂದವರಿಗೆ ಪಾತ್ರೆಗೋ ಪಿನ್ನಿಗೋ ಕೊಡ್ತಾರಲ್ಲ, ಅದೂ ವ್ಯಾಪಾರವೇ. ಕೊಪ್ಪಳದ ಭಾಗ್ಯನಗರದಲ್ಲಿ ಕೂದಲು ಬಿಡಿಸಿ, ತೊಳೆದು, ಹದ ಮಾಡೋದೇ ದೊಡ್ಡ ಕಸುಬು. ಆದರೆ ಉದುರಿದ ಕೂದಲಲ್ಲಿ ದಿಕ್ಕು ಕಲೆತಿರುತ್ತೆ. ಹಾಗೆ ಕಲೆತ ಕೂದಲ ಹೊರಪದರವನ್ನು ಆಸಿಡ್‌ನಲ್ಲಿ ತೆಗೆದು ಸಿಲಿಕಾನ್ ಬಳಿದು ಮಾರೋದೂ ಉಂಟು. ಕೈಗೆ ರೇಷ್ಮೆ, ನಾಲ್ಕು ಸಲ ತೊಳೆದ ಮೇಲೆ ತೆಂಗಿನ ನಾರು. ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಅಂಟಿನಿಂದ ತುದಿಗೆ ಎಳೆಯಿರಿ, ನುಣುಪು. ತುದಿಯಿಂದ ಅಂಟಿನ ಕಡೆಗೆ ಎಳೆದರೆ ಸ್ವಲ್ಪ ತಡೆ ಸಿಗಬೇಕು. ಎರಡೂ ಕಡೆ ಒಂದೇ ಥರ ಜಾರಿದ್ರೆ ಅನುಮಾನಪಡಿ. ನಾಲ್ಕು ಕೂದಲು ಕಿತ್ತು ಸುಟ್ಟು ನೋಡಿ: ಪುಡಿ ಬೂದಿ ಆದ್ರೆ ಕೂದಲು, ಮಣಿ ಹಾಗೆ ಗಟ್ಟಿ ಉಂಡೆಯಾದ್ರೆ ನೈಲಾನ್.

ಸಮಯ: ಕೈ ಕೂಡದವರಿಗೆ ಒಂದು ಬಾಂಡ್‌ಗೆ 2 ನಿಮಿಷ. 125 ಬಾಂಡ್ ಅಂದ್ರೆ 250 ನಿಮಿಷ, ನಾಲ್ಕು ಗಂಟೆಯ ಮೇಲೆ 10 ನಿಮಿಷ. ವಿಭಾಗ ತೆಗೆಯೋದು, ಊಟ, ಕಾಫಿ ಸೇರಿ ಆರು ಗಂಟೆ ಇಟ್ಟುಕೊಳ್ಳಿ. ಎರಡು ದಿನಕ್ಕೆ ಹಂಚಿದ್ರೂ ತೊಂದರೆ ಇಲ್ಲ: ಮೊದಲ ದಿನ ಹಿಂಭಾಗದ 77, ಮಾರನೇ ದಿನ ಪಕ್ಕಗಳು. ಮಾಡುವವರ ಕತ್ತು-ಬೆನ್ನು ಸೋತ ಮೇಲೆ ಹಾಕಿದ ಬಾಂಡ್‌ಗಳೇ ಮೊದಲು ಬೀಳೋದು. ಮದುವೆಗೆ ಕನಿಷ್ಠ 4 ದಿನ ಮುಂಚೆ ಮುಗಿಸಿ. ಕೊನೇ ಬಾಂಡ್ ಹಾಕಿ 48 ಗಂಟೆ ತಲೆಗೆ ನೀರು ಬೀಳಬಾರದು, ಬಿಗಿಯಾಗಿ ಕಟ್ಟಬಾರದು.

ಮೂವರಲ್ಲಿ ಕನೆಕ್ಟರ್ ಹಿಡಿಯೋದು ಒಬ್ಬಳೇ, ಕೊನೇವರೆಗೂ. ಕೈ ಬದಲಾದ್ರೆ ಚರ್ಮದಿಂದ ದೂರವೂ ಬದಲಾಗುತ್ತೆ. ಎರಡನೆಯವಳು ಬಾಚಣಿಗೆಯಿಂದ ಕೂದಲು ಬೇರ್ಪಡಿಸಿ ಬಿಲ್ಲೆ ಹಾಕಿ ಕೊಡ್ಲಿ. ಮೂರನೆಯವಳದ್ದು ಎಲ್ಲರೂ ಹಗುರ ಅಂದುಕೊಳ್ಳೋ ಕೆಲಸ, ಆದ್ರೆ ನನ್ನ ಪ್ರಕಾರ ಅದೇ ಮುಖ್ಯ: ಎಳೆ ಕೊಡ್ತಾ ಪ್ರತಿ ಬಾಂಡ್ ತಪಾಸಣೆ ಮಾಡಬೇಕು. ಆರಿದ ಬಾಂಡ್ ಎತ್ತಿ ಹಿಡಿದು, ಕೆಳಗೆ ಟೇಲ್ ಬಾಚಣಿಗೆಯ ಮೊನೆಯನ್ನು ಆಚೆಯಿಂದ ಈಚೆಗೆ ಓಡಿಸಿ. ಎಲ್ಲೂ ತಡೆಯದೆ ಬರಬೇಕು. ತಡೆದರೆ ಪಕ್ಕದ ಭಾಗದ ಒಂದೆರಡು ಕೂದಲು ಈ ಬಾಂಡ್‌ನಲ್ಲಿ ಸಿಕ್ಕಿದೆ ಅಂತ. ಅದು ಎರಡು ಕಡೆಯಿಂದ ಜಗ್ಗಿ ರಾತ್ರಿ ನಿದ್ದೆ ಕೆಡಿಸುತ್ತೆ, ಬುಡದಲ್ಲಿ ಮೊಡವೆ ಏಳುತ್ತೆ. ಆಗಲೇ ತೆಗೆದು ಮತ್ತೆ ಹಾಕಿ. ಹುಡುಗಿಗೆ ಗದ್ದ ಎದೆಗೆ ತಾಗೋ ಹಾಗೆ ತಲೆ ಬಗ್ಗಿಸೋಕೆ ಹೇಳಿ. ಕತ್ತಿನ ಸಾಲು ಚುರುಕ್ ಅಂದ್ರೆ ಬಾಂಡ್ ಚರ್ಮಕ್ಕೆ ತೀರಾ ಹತ್ತಿರ ಇದೆ.

ಕರೆಂಟ್ ಹೋದ್ರೆ ಗಾಬರಿ ಬೇಡ. ಕನೆಕ್ಟರ್ ಹೇರ್ ಡ್ರೈಯರ್‌ನ ಹಾಗೆ ಕರೆಂಟ್ ಕುಡಿಯಲ್ಲ, ಮನೆಯ ಇನ್ವರ್ಟರ್ ತಡೆಯುತ್ತೆ, ಕನೆಕ್ಟರ್ ಹಿಂದೆ ಬರೆದ ವಾಟ್ ನೋಡಿಕೊಳ್ಳಿ. ಡ್ರೈಯರ್ ಮಾತ್ರ ಇನ್ವರ್ಟರ್‌ಗೆ ಹಾಕಬೇಡಿ. ಕರೆಂಟ್ ಹೋಗಿ ಬಂದಾಗ ಕನೆಕ್ಟರ್ ಮತ್ತೆ ಕಾದಿದೆಯಾ ಅಂತ ಹೆಚ್ಚುವರಿ ಎಳೆಯ ಮೇಲೆ ನೋಡಿಯೇ ತಲೆಗೆ ಹೋಗಿ. ಅರೆಬಿಸಿಯಲ್ಲಿ ಹಾಕಿದ ಬಾಂಡ್ ಮೊದಲ ಸ್ನಾನಕ್ಕೇ ಜಾರುತ್ತೆ.

ಬೈತಲೆ

ತಪಾಸಣೆ ಮಾತಿಗೆ ನನ್ನ ಓಟು. ಆಮೇಲಿನ ಆರೈಕೆ ಸ್ವಲ್ಪ ಸೇರಿಸ್ತೀನಿ.

ಎಣ್ಣೆ ಪೂರ್ತಿ ಬಿಡಬೇಕಿಲ್ಲ. ಕಿವಿಯ ಮಟ್ಟದಿಂದ ಕೆಳಗೆ, ಅಂಗೈಗೆ ನಾಲ್ಕು ಹನಿ ಹಾಕಿ ಸವರಬಹುದು, ಹಾಕಿಸಿಕೊಂಡ ಕೂದಲಿಗೆ ಬುಡದಿಂದ ಎಣ್ಣೆ ಬರಲ್ವಲ್ಲ. ಬುಡಕ್ಕೆ ಮಾತ್ರ ಬೇಡ. ಸೀಗೆಪುಡಿಯೂ ಬೇಡ, ಪುಡಿ ಬಾಂಡ್‌ಗಳ ನಡುವೆ ಕೂತು ಎಷ್ಟು ತೊಳೆದರೂ ಹೋಗಲ್ಲ. ತಲೆ ಬಗ್ಗಿಸಿ ಹಂಡೆ ನೀರು ಸುರಿದುಕೊಳ್ಳೋ ಅಭ್ಯಾಸ ಇದ್ರೆ ಬಿಡಲಿ. ನೆಟ್ಟಗೆ ನಿಂತು, ಉಗುರು ಬೆಚ್ಚಗಿನ ನೀರು ಮೇಲಿಂದ ಕೆಳಕ್ಕೆ ಹರಿಯಬೇಕು. ತೊಳೆದ ಮೇಲೆ ಬುಡವನ್ನು ತಣ್ಣನೆ ಗಾಳಿಯ ಡ್ರೈಯರ್‌ನಲ್ಲಿ ಪೂರ್ತಿ ಒಣಗಿಸಿ, ಆಮೇಲೇ ಮಲಗೋದು. ಮಳೆಗಾಲದಲ್ಲಿ ಒಲೆ ಮುಂದೆ ಕೂತು ತಲೆ ಕಾಯಿಸೋರು ಬೆನ್ನು ಕಾಯಿಸಿ, ಬಾಂಡ್ ಕಾಯಿಸಬೇಡಿ. ರಾತ್ರಿ ಸಡಿಲವಾಗಿ ಎರಡು ಜಡೆ. ದಿನಕ್ಕೆರಡು ಸಲ ಬೆರಳಿನಿಂದ ಬಾಂಡ್‌ಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಅಕ್ಕಪಕ್ಕದ ಬಾಂಡ್‌ಗಳು ಅಂಟಿಕೊಳ್ಳೋಕೆ ಬಿಟ್ರೆ ಒಂದೇ ತಿಂಗಳಲ್ಲಿ ಗಂಟು.

ಅಮ್ಮತ್ತಿ ಹುಡುಗಿ

ತೆಗೆಯೋದನ್ನೂ ನಾವೇ ಮಾಡ್ಬೇಕು. ಅದಕ್ಕೂ ಹೀಗೇ ಬಿಡಿಸಿ ಹೇಳ್ತೀರಾ? ನೇಲ್ ಪಾಲಿಶ್ ರಿಮೂವರ್ ಆಗುತ್ತೆ ಅಂತ ಯಾರೋ ಹೇಳಿದ್ರು.

ಕುಶಾಲನಗರ ಪಾರ್ಲರ್

ನೇಲ್ ಪಾಲಿಶ್ ರಿಮೂವರ್ ಬೇಡ. ಕೂದಲನ್ನು ಹುಲ್ಲಿನ ಹಾಗೆ ಒಣಗಿಸುತ್ತೆ, ಹಣೆಗೆ ಕಣ್ಣಿಗೆ ಇಳಿದರೆ ಇನ್ನೊಂದು ರಗಳೆ. ಬಾಂಡ್‌ಗೆ ಅಂತಲೇ ಬರೋ ರಿಮೂವರ್ ಹೆಚ್ಚಾಗಿ ಆಲ್ಕೋಹಾಲ್ ಬೆರೆತ ಜೆಲ್. ಅದಕ್ಕೂ ಬೆಂಕಿ ತಗಲುತ್ತೆ, ಹಾಗಾಗಿ ಕಿಟಕಿ ತೆರೆದು, ಹಗಲು ಹೊತ್ತಲ್ಲಿ, ಒಲೆಯಿಂದ ದೂರ ಕೂತು ಮಾಡಿ. ಕರೆಂಟ್ ಹೋಯ್ತು ಅಂತ ಮೇಣದ ಬತ್ತಿ ಹಚ್ಚಿಟ್ಟು ಮಾತ್ರ ಮಾಡಬೇಡಿ.

ಮೇಲಿನ ಸಾಲಿಂದ ಅಲ್ಲ, ಕತ್ತಿನ ಸಾಲಿಂದ ಶುರು. ಉಳಿದ ಕೂದಲು ಮೇಲೆ ಕ್ಲಿಪ್ ಹಾಕಿ. ಬಾಂಡ್ ಮೇಲೆ ಎರಡು ಮೂರು ಹನಿ ಹಾಕಿ, ಅರ್ಧ ನಿಮಿಷ ಬಿಡಿ. ಇಕ್ಕಳದಿಂದ ಬಾಂಡ್‌ನ ಮೇಲ್ತುದಿ, ನಡು, ಕೆಳತುದಿ ಹೀಗೆ ಮೂರು ಕಡೆ ಹಿಸುಕಿ, ಇಕ್ಕಳ ಅಡ್ಡ ತಿರುಗಿಸಿ ಮತ್ತೊಮ್ಮೆ. ಗಾಜಿನ ಹಾಗಿದ್ದ ಅಂಟು ಬಿರುಕು ಬಿಟ್ಟು ಬೆಳ್ಳಗೆ ಹರಳು ಹರಳಾಗುತ್ತೆ, ಒಣಗಿದ ಸಕ್ಕರೆ ಪಾಕದ ಥರ. ಆಗ ಒಂದು ಕೈಯಲ್ಲಿ ಬುಡ ಭದ್ರವಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಎಳೆಯನ್ನು ಮೆಲ್ಲಗೆ ಕೆಳಕ್ಕೆ ಜಾರಿಸಿ. ಬರಲಿಲ್ಲ ಅಂದ್ರೆ ಜಗ್ಗಬೇಡಿ, ಇನ್ನೆರಡು ಹನಿ ಹಾಕಿ ಮತ್ತೆ ಹಿಸುಕಿ. ಜಗ್ಗಿದ್ರೆ ಸ್ವಂತ ಕೂದಲೂ ಜೊತೆಗೇ ಬರುತ್ತೆ.

ಇಲ್ಲಿ ಎಲ್ಲರೂ ಹೆದರೋ ಒಂದು ಸಂಗತಿ ಇದೆ. ಬಾಂಡ್ ಬಿಟ್ಟಾಗ ಪ್ರತಿಯೊಂದರಿಂದ ಒಂದಷ್ಟು ಉದುರಿದ ಕೂದಲು ಕೈಗೆ ಬರುತ್ತೆ, ಕೊನೆಗೆ ಒಂದು ಮುಷ್ಟಿ ಆಗುತ್ತೆ. ದಿನಕ್ಕೆ 50ರಿಂದ 100 ಕೂದಲು ಉದುರೋದು ಸಹಜ. ಎರಡು ತಿಂಗಳು ನೆಲಕ್ಕೆ ಬೀಳಬೇಕಾದ್ದರಲ್ಲಿ ಒಂದು ಪಾಲು ಬಾಂಡ್ ಒಳಗೇ ಸಿಕ್ಕಿ ಕೂತಿರುತ್ತೆ, ಅಷ್ಟೇ. ಅದರ ತುದಿಯಲ್ಲಿ ಬಿಳಿ ಚಿಕ್ಕ ಗುಂಡು ಕಂಡರೆ ತಾನಾಗಿ ಉದುರಿದ್ದು. ಗುಂಡಿಲ್ಲದೆ ತುಂಡು ತುಂಡಾಗಿ ಬಂದಿದ್ರೆ ಮುರಿದಿದ್ದು, ಅಂದ್ರೆ ಇಕ್ಕಳ ಜೋರಾಯ್ತು ಅಥವಾ ಹಾಕುವಾಗ ಸುಟ್ಟಿತ್ತು. ತಲೆಯಲ್ಲಿ ಎಲ್ಲಾದರೂ ಬೋಳು ಬೋಳಾಗಿ ಕಂಡರೆ ಮತ್ತೆ ಎಕ್ಸ್‌ಟೆನ್ಷನ್ ಮಾತೇ ಬೇಡ, ಚರ್ಮದ ಡಾಕ್ಟರ್‌ಗೆ ತೋರಿಸಿ.

ಚೌರಿ ಸಾಕು

ಒಂದು ಬಿಟ್ಟಿರಿ. ಬಾಂಡ್ ಎಲ್ಲಾ ತೆಗೆದ ಕೂಡಲೇ ಹುಡುಗಿ ನೇರ ಬಚ್ಚಲಿಗೆ ಓಡ್ತಾಳೆ, ತಡೆಯಿರಿ. ಬುಡದಲ್ಲಿ ಅಂಟಿನ ಪುಡಿ ಮತ್ತು ಉದುರಿದ ಕೂದಲು ಇನ್ನೂ ಇರುತ್ತೆ. ಅದರ ಮೇಲೆ ನೀರು ಬಿದ್ದು ಶಾಂಪೂ ತಿಕ್ಕಿದ್ರೆ ಬುಡದಲ್ಲಿ ಚಾಪೆ ಹಾಗೆ ಗಟ್ಟಿಯಾಗುತ್ತೆ, ಆಮೇಲೆ ಕತ್ತರಿಸೋದೊಂದೇ ದಾರಿ. ಒಣ ಕೂದಲನ್ನೇ ಮೊದಲು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸಿ, ಆಮೇಲೆ ಹೇನಿನ ಬಾಚಣಿಗೆಯಿಂದ ಒಂದೊಂದು ಭಾಗ ಬುಡದಿಂದ ಬಾಚಿ. ಬಾಚಣಿಗೆಗೆ ಬಿಳಿ ಪುಡಿ ಬರೋದು ಪೂರ್ತಿ ನಿಂತ ಮೇಲೇ ನೀರು.

ಅಮ್ಮತ್ತಿ ಹುಡುಗಿ

ಬರೆದಿಟ್ಟುಕೊಂಡೆ. ನೆತ್ತಿ ಬಿಟ್ಟು, ವಸ್ತ್ರದ ಗಂಟಿನ ಜಾಗದಲ್ಲಿ ಬಾಂಡ್ ಸಪೂರ ಮಾಡಿ, ಮದುವೆಗೆ 6 ದಿನ ಮುಂಚೆ ಎರಡು ದಿನದಲ್ಲಿ ಹಾಕ್ತೀವಿ. ತೆಗೆಯೋದು ಜೂನ್ ಕೊನೇ ಭಾನುವಾರ. ಆ ದಿನ ಮೂವರೂ ಬರ್ತೀವಿ ಅಂತ ಈಗಲೇ ಹೇಳಿಸಿಕೊಂಡಿದ್ದೀನಿ. ಚೌರಿಯೂ ಒಂದು ತಂದಿಡ್ತೀನಿ, ಕಿವಿ ಹಿಂದಿನ ಪರೀಕ್ಷೆಯಲ್ಲಿ ತುರಿಕೆ ಬಂದ್ರೆ ಬೇಕಾಗುತ್ತಲ್ಲ.